ಎದುರಿನ ಅರ್ಧ

ಬಟ್ಟೆಯ ನಟ್ಟನಡುವೆ ಬಂದು ಸೇಯಿನಿಯ ಕೈ ನಿಂತುಬಿಟ್ಟಿತು. ಕೇದಗೆ ಕಾಯಿಯ ನಾರಿನ ಕುಂಚದಿಂದ ಒಂದು ಕಂದು ಬಣ್ಣದ ಹನಿ ಚಾಪೆಯ ಮೇಲೆ ಬಿತ್ತು.

"ಯಾಕೆ, ಕೈಗೆ ಜೋಮು ಹಿಡೀತಾ?" ಮೆಟ್ಟಿಲ ಮೇಲೆ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಕಲೊಲೈನ ತಲೆಯೆತ್ತದೆ ಕೇಳಿದಳು. ಆಕೆ ಸೇಯಿನಿಯ ಗಂಡನ ಅಕ್ಕ. ಟೊಂಗಾ ದ್ವೀಪದ ಆ ಮನೆತನದಲ್ಲಿ ಆಕೆ ಹೂಂ ಅನ್ನದೆ ಯಾರೂ ದೋಣಿ ಕೂಡ ಹತ್ತುತ್ತಿರಲಿಲ್ಲ, ಇನ್ನು ವಿಮಾನವೆಲ್ಲಿ.

"ಇಲ್ಲಿಂದಾಚೆ ನಿಮ್ಮ ಕಡೆ ಅಲ್ವಾ, ಅತ್ತಿಗೆ."

ಮೂವತ್ತು ವರ್ಷದಿಂದ ಹಾಗೇ. ಮರದ ತೊಗಟೆಯಿಂದ ಮಾಡಿದ ನಾರುಬಟ್ಟೆ ಹಾಸಿದರೆ ಈಚೆ ಸೇಯಿನಿ, ಆಚೆ ಕಲೊಲೈನ. ಇಬ್ಬರೂ ಬರೆಯುತ್ತಾ ಬಂದು ನಡುವೆ ಕೂಡಬೇಕು. ಈಗ, ಅಲ್ಲಿನ ಮೂರು ಊರುಗಳಲ್ಲಿ ಈ ಚಿತ್ರ ಬರೆಯುವುದನ್ನು ಕಲಿಸಿಕೊಡಿ ಎಂದು ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಕಾಗದ ಬಂದಿತ್ತು. ಅದರಲ್ಲಿದ್ದದ್ದು ಒಂದೇ ಹೆಸರು, ಸೇಯಿನಿಯದು. ಸೋಮವಾರ ವಿಮಾನ. ನಾಳೆ ಭಾನುವಾರ, ದೇವರ ದಿನ, ಕುಂಚ ಮುಟ್ಟುವಂತಿಲ್ಲ. ಒಬ್ಬಳೇ ಇಡೀ ಬಟ್ಟೆ ಬರೆದು ಕೈ ಪಳಗಿಸಿಕೊಳ್ಳಲು ಉಳಿದದ್ದು ಇವತ್ತೊಂದೇ ದಿನ.

ಕಾಗದ ಬಂದು ಹನ್ನೆರಡು ದಿನವಾದರೂ ಅತ್ತಿಗೆ ಹೋಗು ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ. ಒಂದು ದಿನವೂ ಎದುರಿಗೆ ಬಂದು ಕೂತಿರಲಿಲ್ಲ. ಆದರೆ ಆಕೆಯ ಉಗುರ ಸಂದಿಯಲ್ಲಿ ದಿನಾ ಹೊಸ ಬಣ್ಣವಿರುವುದನ್ನು ಸೇಯಿನಿ ಗಮನಿಸಿದ್ದಳು. ಯಾರ ಎದುರು ಕೂತು ಬರೆಯುತ್ತಿದ್ದಾರೆ? ಕೇಳಲು ಬಾಯಿ ಬಂದಿರಲಿಲ್ಲ.

"ಅವರು ಎರಡು ಹೆಸರು ಬರೀಬೇಕಿತ್ತು," ಎಂದಳು ಈಗ, ಮೆಲ್ಲಗೆ. "ನೀವು ಬೇಡ ಅಂದ್ರೆ ನಾನು ಹೋಗಲ್ಲ."

"ಇಷ್ಟು ದಪ್ಪ ಇರೋ ನನ್ನನ್ನ ಹತ್ತಿಸ್ಕೊಂಡ್ರೆ ಆ ವಿಮಾನ ಮೇಲೇಳುತ್ತೇನೇ?" ಕಲೊಲೈನ ಚಾಕು ಕೆಳಗಿಟ್ಟಳು. "ಆ ಕೊನೇ ಗೆರೆ ನೋಡು, ಹಲ್ಲಿ ಓಡಿದ ಹಾಗಿದೆ. ಇದನ್ನ ಕಲಿಸ್ತೀಯಾ ಅವರಿಗೆ?"

"ಎದುರಿಗೆ ನೀವಿಲ್ದೆ ಕೈ ಓಡಲ್ಲ ಅತ್ತಿಗೆ."

ಕಲೊಲೈನ ಎದ್ದು, ಲಂಗ ಕೊಡವಿ, ಪಕ್ಕದ ತನ್ನ ಮನೆಗೆ ನಡೆದುಬಿಟ್ಟಳು. ಮುಗಿಯಿತು, ಎಂದುಕೊಂಡಳು ಸೇಯಿನಿ. ಪೆಟ್ಟಿಗೆಯಲ್ಲಿ ತುಂಬಿದ್ದನ್ನೆಲ್ಲ ಹೊರಗೆ ತೆಗೆಯುವುದೇ ವಾಸಿ.

ಅಷ್ಟರಲ್ಲಿ ಕಲೊಲೈನ ಹೆಗಲ ಮೇಲೆ ಒಂದು ಚಾಪೆಯ ಸುರುಳಿ ಹೊತ್ತು ಮರಳಿದಳು. ಬಿಚ್ಚಿದರೆ ಒಳಗೆ ಮೂರು ನಾರುಬಟ್ಟೆ. ಮೂರರಲ್ಲೂ ಹಕ್ಕಿ, ಎಲೆಗಳು ಒಂದು ಅಂಚಿನಿಂದ ಒತ್ತೊತ್ತಾಗಿ ಬಂದು ಸರಿಯಾಗಿ ನಡುವಿಗೆ ನಿಂತಿದ್ದವು. ಅದರಾಚೆ ಬರೀ ಬಿಳಿ.

"ಮೂರು ಊರಿಗೆ ಮೂರು. ನನ್ನ ಕಡೆ ಮುಗಿಸಿದೀನಿ. ನಿನ್ನದನ್ನ ಅವರ ಕಣ್ಣೆದುರು ಬರಿ. ಈ ಅರ್ಧ ಯಾರದು ಅಂತ ಕೇಳ್ತಾರೆ. ಆಗ ಹೆಸರು ಹೇಳು. ನುಂಗಿಬಿಟ್ಟೀಯಾ ಮತ್ತೆ!"

"ಇಷ್ಟು ದಿನ ಒಬ್ಬರೇ ಕೂತು ಬರೆದ್ರಾ?"

"ಇನ್ನೇನು ಮಾಡ್ಲಿ? ನಂಗೂ ಬರೋದು ನಡುವಿನ ತನಕ ಅಷ್ಟೇ," ಎಂದು ಕಲೊಲೈನ ಮುಖ ತಿರುಗಿಸಿ ಮತ್ತೆ ಗೆಡ್ಡೆ ಹೆರೆಯಲು ಕೂತಳು.

ಸೇಯಿನಿ ಅದರಲ್ಲೊಂದು ಬಟ್ಟೆಯನ್ನು ಸುಮ್ಮನೆ ನೋಡಲೆಂದು ಹಾಸಿ, ಬಿಳಿಯ ಅಂಚು ತನ್ನ ಕಡೆಗೆ ಬರುವಂತೆ ತಿರುಗಿಸಿ ಕೂತಳು. ಎದುರಿನ ಚಾಪೆ ಖಾಲಿಯಿತ್ತು. ಆಚೆಯಿಂದ ಹೊರಟ ಹಕ್ಕಿಗಳು ಮಾತ್ರ, ಮೂವತ್ತು ವರ್ಷದಿಂದ ಕಂಡ ಹಾಗೆಯೇ, ಅವಳಿಗೆ ತಲೆಕೆಳಗಾಗಿ ಕಂಡವು.