ಅರ್ಧ ಸುತ್ತು

ಅರ್ಧ ಸುತ್ತು, ಅಷ್ಟೇ. ಆಕೆ ಹತ್ತನೇ ನಂಬರಿನ ಸ್ಪ್ಯಾನರನ್ನು ಬ್ಯಾಟರಿಯ ನಟ್ಟಿಗೆ ಸಿಕ್ಕಿಸಿ ಎಳೆದಳು. ಮಣಿಕಟ್ಟು ಚುರ್ ಎಂದಿತು. ನಟ್ಟು ಸಡಿಲವಾಯಿತು. ಬೀದಿಯಲ್ಲಿ ಯಾರೋ ಕೆಮ್ಮಿದರು. ಕೆಮ್ಮು ದೂರವಾಗುವವರೆಗೂ ಆಕೆ ಬಾನೆಟ್ಟಿನ ಹಿಂದೆ ತಲೆ ತಗ್ಗಿಸಿ ನಿಂತಳು. ಸ್ವಂತ ಮನೆಯಲ್ಲಿ, ಸ್ವಂತ ಗಂಡನ ಕಾರಿಗೆ ಕಳ್ಳಿಯ ಹಾಗೆ ಕೈ ಹಾಕಿ ಹಾಕಿ ಆಕೆಗೆ ಸಾಕುಸಾಕಾಗಿತ್ತು.

ಆಕೆ ದರ್ಜಿ. ಕತ್ತು, ತೋಳಿನ ಅಳತೆ ಗೊತ್ತೇ ಹೊರತು ಕಾರಿನ ಹೊಟ್ಟೆಯೊಳಗಿನದು ಏನು ಗೊತ್ತಿತ್ತು? ಎರಡು ವರ್ಷದಲ್ಲಿ ಎಲ್ಲ ಕಲಿತಿದ್ದಳು. ಒಂದು ವಾರ ಹಾರ್ನಿನ ತಂತಿ, ಇನ್ನೊಂದು ವಾರ ವೈಪರ್, ಮತ್ತೊಂದು ವಾರ ಸೈಲೆನ್ಸರಿನ ಪಟ್ಟಿ. ಬ್ರೇಕು, ಸ್ಟೇರಿಂಗಿನ ತಂಟೆಗೆ ಮಾತ್ರ ಹೋದವಳಲ್ಲ. ಗಂಡನನ್ನು ಉಳಿಸಿಕೊಳ್ಳಲು ತಾನೇ ಇಷ್ಟೆಲ್ಲ.

ಪ್ರತಿ ನಟ್ಟಿನ ಮೇಲೂ ಗಂಡ ಬಿಳಿ ಬಣ್ಣದ ಸಣ್ಣ ಗೆರೆ ಎಳೆದಿದ್ದ. ಆಕೆ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ತಾನೂ ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುತ್ತಾಳೆ. ಹೊಲಿದಾದ ಮೇಲೆ ಅದನ್ನು ಕೇಳುವವರು ಯಾರು? ಸ್ಪ್ಯಾನರನ್ನು ಅದರ ಮೊಳೆಗೆ ನೇತುಹಾಕಿ, ಸೋಪು ಹಚ್ಚಿ ಉಗುರಿನ ಸಂದಿಯ ಗ್ರೀಸು ತೆಗೆದಳು.

ಗಂಡ ಬಸ್ ಡಿಪೋದಲ್ಲಿ ರಿಪೇರಿ ಮೇಸ್ತ್ರಿಯಾಗಿದ್ದವನು. ನಿವೃತ್ತಿಯ ಮರುದಿನ ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತ. ಮೂರು ತಿಂಗಳು ಕೂತೇ ಇದ್ದ. ಗಡ್ಡ ಬೆಳೆಯಿತು, ಮಾತು ನಿಂತಿತು. ಊಟಕ್ಕೆ ಕರೆದರೆ 'ಹೂಂ', ಸಾಕಾ ಎಂದರೆ 'ಹೂಂ'. ಇವರು ಹೀಗೇ ಹೋಗಿಬಿಡುತ್ತಾರೆ ಎಂದು ಆಕೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಆಗ ಹಳೆಯ ಗೆಳೆಯನೊಬ್ಬ ಕೆಟ್ಟು ನಿಂತಿದ್ದ ಈ ಕೆಂಪು ಕಾರನ್ನು ಇವರಿಗೆ ದಾಟಿಸಿದ. ಎರಡೇ ಸೀಟು, ಮಡಚುವ ಚಾವಣಿ, ಹೊರಟರೆ ಮೈತುಂಬ ಗಾಳಿ. ಮೇಸ್ತ್ರಿ ಎದ್ದ. ಒಂದೇ ತಿಂಗಳಲ್ಲಿ ಎಲ್ಲ ಸರಿಮಾಡಿ, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆ ಸುತ್ತಿಸಿ ಹೊಟ್ಟೆತುಂಬ ನಕ್ಕ. ಮರುವಾರ ಮತ್ತೆ ಕುರ್ಚಿ. ಕಾರಿನಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಗುರುವಾರ ಮಧ್ಯಾಹ್ನ ಮಾತ್ರ ಆತ ಹಾಸಿಗೆ ಹಿಡಿದ ಅಕ್ಕನನ್ನು ನೋಡಿಬರಲು ನಡೆದು ಹೋಗುತ್ತಿದ್ದ. ಆ ಓಣಿಗೆ ಕಾರು ನುಗ್ಗದು. ಅಂಥ ಒಂದು ಗುರುವಾರ ಆಕೆ ಮೊದಲ ಸಲ ಸ್ಪ್ಯಾನರ್ ಹಿಡಿದಳು. ಶುಕ್ರವಾರ ಹಾರ್ನ್ ಕೂಗಲಿಲ್ಲ. ಮೇಸ್ತ್ರಿ ಗೊಣಗುತ್ತಾ ಕುರ್ಚಿ ಬಿಟ್ಟೆದ್ದ. ಆ ಗೊಣಗಾಟ ಆಕೆಗೆ ಅಮೃತದ ಹಾಗೆ ಕೇಳಿಸಿತು.

ಈ ಗುರುವಾರ ಸಂಜೆ ಬಂದವನು ಚೀಲದಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಆಕೆಯ ಮುಂದಿಟ್ಟ.

"ನಿನ್ನ ಕೈಗೆ."

"ಬಟ್ಟೆ ಹಿಂಡಿ ಹಿಡ್ಕೊಂಡಿದೆ, ಅಷ್ಟೇ ಕಣ್ರೀ."

"ಹೌದಾ," ಎಂದ. ಚೀಲ ಮಡಚಿಡುತ್ತಾ, "ಆ ಕಾರು ಮಾರಿಬಿಡ್ತೀನಿ," ಎಂದ.

ಆಕೆಗೆ ಆ ಕುರ್ಚಿ ಕಣ್ಣ ಮುಂದೆ ಬಂತು. "ಅಷ್ಟು ಖುಷಿಯಾಗಿ ಓಡಿಸ್ತೀರಲ್ಲ. ಯಾಕ್ರೀ?"

"ಓಡಿಸೋಕೆ ಚೆಂದವೇ. ಆದರೆ ಅದಕ್ಕೆ ಬರೋ ಕಾಯಿಲೆಗೆ ನನ್ನ ಹತ್ರ ಮದ್ದಿಲ್ಲ. ಎಣ್ಣೆ ಗಿರಣಿ ಹಿಂದೆ ಒಂದು ಹಳೇ ಗಾಡಿ ನಿಂತಿದೆ ನೋಡು. ಎಂಜಿನ್ ಕಚ್ಚಿಕೊಂಡಿದೆ, ತಳವೆಲ್ಲ ತುಕ್ಕು, ಸೀಟಲ್ಲಿ ಇಲಿ ಸಂಸಾರ. ಇದನ್ನ ಮಾರಿದ್ರೆ ಅದನ್ನ ತರಬಹುದು. ಐದು ವರ್ಷದ ಕೆಲಸ ಅದರೊಳಗೇ ಇದೆ. ಯಾರೂ ಏನೂ ಸೇರಿಸಬೇಕಾಗಿಲ್ಲ."

ಐದು ವರ್ಷ. ಗುರುವಾರ ಮಧ್ಯಾಹ್ನ ಕಾಲು ಚಾಚಿ ಮಲಗಬಹುದು. ಪಾಪ, ಈ ಮನುಷ್ಯನಿಗೆ ತಾನು ಹೆಂಡತಿಗೆ ಎಂಥ ವರ ಕೊಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲ ಎಂದುಕೊಂಡು ಆಕೆ ಮುಲಾಮು ತಿಕ್ಕಿಕೊಂಡಳು.

ಭಾನುವಾರ ಬೆಳಿಗ್ಗೆ ಕಾರು ನೋಡಲು ದಂತವೈದ್ಯರೊಬ್ಬರು ಬಂದರು. ಬಾಗಿಲು, ಬಂಪರುಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಆಗಲೇ ಆಕೆಗೆ ನೆನಪಾಗಿದ್ದು, ಬ್ಯಾಟರಿಯ ನಟ್ಟು. ಗುರುವಾರದಿಂದ ಗಂಡ ಕಾರು ತೆಗೆದದ್ದನ್ನು ಆಕೆ ಕಂಡಿರಲಿಲ್ಲ. ಈಗ ಸ್ಟಾರ್ಟ್ ಆಗದಿದ್ದರೆ ಡಾಕ್ಟರು ಕೈಕೊಡವಿಕೊಂಡು ಹೋಗುತ್ತಾರೆ. ಗಿರಣಿಯ ಗಾಡಿಯೂ ಇಲ್ಲ, ನಿದ್ದೆಯೂ ಇಲ್ಲ. ಸ್ಪ್ಯಾನರ್ ಹಿಡಿಯಲು ಈ ಕೈ ಇನ್ನೆಷ್ಟು ವಾರ ಬಂದೀತು? ಆಮೇಲೆ ಮತ್ತದೇ ಕುರ್ಚಿ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತಲ್ಲ ಎಂದು ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇಷ್ಟು ಚೆನ್ನಾಗಿಟ್ಟಿದೀರಿ, ಯಾಕೆ ಮಾರ್ತೀರಿ?" ಡಾಕ್ಟರಿಗೆ ಅನುಮಾನ. "ಏನು ತೊಂದರೆ ಇದೆ, ನಿಜ ಹೇಳಿ."

"ನಮ್ಮನೇಲಿ ವಾರಕ್ಕೊಂದು ಸಲ ಕೆಡತ್ತೆ," ಎಂದ ಮೇಸ್ತ್ರಿ. "ನಿಮ್ಮನೇಲಿ ಕೆಡಲ್ಲ."

ಮಾರುವವನು ಆಡುವ ಮಾತೇ ಇದು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆಕೆ ಹಲ್ಲು ಕಚ್ಚಿದಳು. ಡಾಕ್ಟರು ಕೀ ತಿರುಗಿಸಿದರು.

ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕೈಯಲ್ಲಿ ಕಸುವಿಲ್ಲ, ನಟ್ಟು ಸರಿಯಾಗಿ ತಿರುಗಿರಲಿಕ್ಕಿಲ್ಲ ಎಂದುಕೊಂಡಳು. ಮೊದಲ ಸಲ ಆ ಕೈಯ ಮೇಲೆ ಆಕೆಗೆ ಪ್ರೀತಿ ಬಂತು.

ಡಾಕ್ಟರು ಒಂದು ಸುತ್ತು ಹೊಡೆದು, ಕೂದಲು ಕೆದರಿಕೊಂಡು, ನಗುತ್ತಾ ವಾಪಸು ಬಂದರು. ವ್ಯಾಪಾರ ಕುದುರಿತು. ಕೊನೆಗೊಮ್ಮೆ ಬಾನೆಟ್ ಎತ್ತಿ ಇಣುಕಿದರು.

"ಮೇಸ್ತ್ರಿಗಳೇ, ನಟ್ಟುಗಳ ಮೇಲೆಲ್ಲ ಇದೇನು ಬಿಳಿ ಗೆರೆ?"

"ನಮ್ಮ ಡಿಪೋ ಪದ್ಧತಿ, ಡಾಕ್ಟ್ರೇ. ಬಿಗಿ ಮಾಡಿದ ಮೇಲೆ ನಟ್ಟಿಂದ ಬೋಲ್ಟಿಗೆ ಒಂದೇ ಗೆರೆ ಎಳೀತೀವಿ. ಆಮೇಲೆ ನಟ್ಟು ಒಂದು ಚೂರು ತಿರುಗಿದ್ರೂ ಗೆರೆ ಮುರಿಯತ್ತೆ. ಅರ್ಧ ಸುತ್ತು ತಿರುಗಿದೆ ಅಂದ್ರೆ ಅದು ಅದುರಿ ಸಡಿಲ ಆಗಿದ್ದಲ್ಲ, ಯಾರೋ ಕೈ ಹಾಕಿದಾರೆ ಅಂತ."

"ಓಹೋ. ಇದರಲ್ಲಿ ಯಾವತ್ತಾದ್ರೂ ಹಾಗೆ ಮುರಿದಿತ್ತಾ?"

"ಎರಡು ವರ್ಷದಿಂದ, ಗುರುವಾರ ಗುರುವಾರ," ಎಂದ ಮೇಸ್ತ್ರಿ, ಬಾಗಿಲ ಚೌಕಟ್ಟು ಹಿಡಿದಿದ್ದ ಆ ಮಣಿಕಟ್ಟನ್ನೇ ನೋಡುತ್ತಾ. "ಪಾಪ, ದಣಿದಿದೆ. ಇನ್ನು ಸಾಕು."