ಎಲೆ ಆರುವ ತನಕ

"ಭೂಮಿ ಬಿಸಿಯಾಗ್ತಿದೆ ಅಂತೀರ, ಮತ್ತೆ ಸ್ವೆಟರ್ ಯಾಕ್ರೋ?" ಇತ್ತಲಾರ್ ರಸ್ತೆಯಲ್ಲಿ ನಿಂತುಹೋದ ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ. ಪ್ರತಿಭಟನೆಗೆಂದು ರಸ್ತೆಗೆ ಅಡ್ಡ ಕುಳಿತ ಕಾಲೇಜು ವಿದ್ಯಾರ್ಥಿಗಳು ಕದಲಲಿಲ್ಲ. ಬಸ್ಸಿನ ಹಿಂದಿದ್ದ ಪಿಕಪ್‌ನಲ್ಲಿ ಮುದುಕಿ ಮಾದಿ ತನ್ನ ಚಹಾ ಎಲೆಯ ಮೂಟೆಯೊಳಗೆ ಕೈ ತೂರಿಸಿದಳು. ಆಗಲೇ ಬೆಚ್ಚಗಾಗಿತ್ತು. ಇನ್ನೂ ಕಾವೇರಿದರೆ ಎಲೆ ಕೆಂಪಾಗುತ್ತದೆ. ಫ್ಯಾಕ್ಟರಿಯವರು ತೂಕಕ್ಕೇ ಇಡುವುದಿಲ್ಲ.

ಅವಳು ಮೂಟೆಯನ್ನು ಎಳೆತಂದು ವಿದ್ಯಾರ್ಥಿಗಳ ಮುಂದಾಳು ತೇನ್ಮೊಳಿಯ ಎದುರು ಇಳಿಸಿದಳು. "ಕೈ ಹಾಕಿ ನೋಡು ಕೂಸೇ. ಭೂಮಿಗಿಂತ ಮೊದಲು ನನ್ನ ಎಲೆ ಬೇಯುತ್ತೆ."

ತೇನ್ಮೊಳಿ ಕೈ ಹಾಕಿ ಕಣ್ಣರಳಿಸಿದಳು. "ಅಯ್ಯೋ ಅಜ್ಜಿ, ಏನ್ ಮಾಡ್ಬೇಕು?"

"ಹರವಬೇಕು. ಬಟ್ಟೆ ಬೇಕು."

ಬಟ್ಟೆ ವಿದ್ಯಾರ್ಥಿಗಳ ಕೈಯಲ್ಲೇ ಇತ್ತು. 'ಭೂಮಿಯನ್ನು ತಂಪಾಗಿಡಿ' ಎಂದು ಬರೆದ ಉದ್ದನೆಯ ಬ್ಯಾನರನ್ನು ರಸ್ತೆಯ ಮೇಲೆ ಹಾಸಿ, ಎಲ್ಲರೂ ಎಲೆ ಹರವತೊಡಗಿದರು. "ಹಿಸುಕಬೇಡ್ರೋ, ಮೆಲ್ಲಗೆ ಎತ್ತಿ ಉದುರಿಸಿ!" ಎನ್ನುತ್ತ, ಸ್ವೆಟರ್ ಎಂದು ಅಣಕಿಸಿದವನೇ ಬಸ್ಸಿನಿಂದಿಳಿದು ಬಂದು ಮಂಡಿಯೂರಿದ. ಅವನ ಹಿಂದೆ ಕಂಡಕ್ಟರ್ ಕೂಡ ಬಂದ. ಯಾರೋ ಫ್ಲಾಸ್ಕಿನ ಚಹಾ ಹಂಚಿದರು.

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ತೇನ್ಮೊಳಿ ತಟ್ಟನೆ ಎದ್ದು, "ದಾರಿ ಬಿಡ್ತೀವಿ ಸಾರ್" ಎಂದಳು.

ಮಾದಿ ಅವಳ ದುಪಟ್ಟಾ ಹಿಡಿದು ಮತ್ತೆ ಕೂರಿಸಿದಳು. "ಎಲ್ಲಿಗೆ ಏಳ್ತೀ? ಕಾವು ಇನ್ನೂ ಇಳಿದಿಲ್ಲ. ಸಾರ್, ನೀವು ಆ ತುದಿಯಿಂದ ಹರವಿ."