ಗೋಡೆಯ ಮೇಲಿನ ಗಲ್ಲಿ

ಮೆಟ್ರೊ ನಿಲ್ದಾಣದ ಬಾಗಿಲ ಗೋಡೆಗೆ ಮೂವತ್ತು ಅಡಿ ಅಗಲದ ನಕ್ಷೆಯೊಂದನ್ನು ಬರೆದುಕೊಡುವ ಕೆಲಸ ಆ ಚಿತ್ರಕಲಾವಿದೆಗೆ ಸಿಕ್ಕಿತ್ತು. ಸುತ್ತಲಿನ ಬಡಾವಣೆಗಳೆಲ್ಲ ಸರ್ಕಾರದ ನಕ್ಷೆಗಳಲ್ಲಿದ್ದವು. ನಿಲ್ದಾಣದ ಬೆನ್ನಿಗಿದ್ದ ಗಲ್ಲಿ ಮಾತ್ರ ಎಲ್ಲದರಲ್ಲೂ ಖಾಲಿ ಜಾಗ, ಅಲ್ಲಿ ಜನರೇ ಇಲ್ಲವೇನೋ ಎಂಬಂತೆ. ಅದನ್ನು ಬಿಟ್ಟು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ.

ಗಲ್ಲಿಗೆ ಹೋದ ಮೊದಲ ದಿನ ಒಂದು ಬಾಗಿಲೂ ತೆರೆಯಲಿಲ್ಲ. ಕಾಗದ ಹಿಡಿದು ಬಂದವರನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಮೂರನೆಯ ದಿನ ಹೂ ಕಟ್ಟುವ ಮುನಿಯಲ್ಲಮ್ಮ ಕರೆದರು.

"ಗೋಡೆ ಮೇಲೆ ನಮ್ಮನೇನೂ ಬರೀತೀಯಂತೆ, ನಿಜಾನಾ?"

"ಹೂಂ ಅಮ್ಮ. ದಿನಾ ಸಾವಿರಾರು ಜನ ನೋಡ್ತಾರೆ."

"ಹಂಗಾದ್ರೆ ಹಿಂದ್ಗಡೆ ಬಾ. ನನ್ನ ಮಗಳ ಮನೆ ರೋಡಿಗೆ ಕಾಣಲ್ಲ. ಅದನ್ನೂ ಬರ್ಕೊ."

ಆಮೇಲೆ ಅವರೇ ಮನೆಮನೆಗೂ ಕರೆದೊಯ್ದರು. ಒಂದು ತಿಂಗಳಲ್ಲಿ ಎಂಬತ್ತೊಂದು ಮನೆಗಳು ಬಾಗಿಲ ಬಣ್ಣದ ಸಮೇತ ನಕ್ಷೆಗೆ ಬಂದವು. ಪ್ರತಿ ಹೊಸ್ತಿಲ ಮುಂದೆ ಮನೆಯವರ ಹೆಸರನ್ನು ಅವಳು ರಂಗೋಲಿಯಂತೆ ಬರೆದಳು.

ಕರಡು ನೋಡಿದ ಮೆಟ್ರೊ ಅಧಿಕಾರಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಅದರ ಮೇಲೆ ಬಗ್ಗಿ ನಿಂತರು.

"ಗಲ್ಲಿ ತೆಗೀಬೇಕಾ ಸಾರ್?" ಅವಳು ಹೆದರುತ್ತಲೇ ಕೇಳಿದಳು.

"ಛೇ ಛೇ, ಗೋಡೆ ಮೇಲೆ ಇರ್ಲಿ ಮೇಡಂ, ನೆನಪಿಗೆ."

ಅವರು ನಕ್ಷೆಯ ಮೇಲಿಂದ ಕಣ್ಣು ತೆಗೆಯದೆ ಫೋನ್ ಎತ್ತಿಕೊಂಡರು.

"ಪಾರ್ಕಿಂಗ್‌ಗೆ ಅಂತ ಹಿಂದಿನ ಗಲ್ಲಿ ಮನೆ ಖಾಲಿ ಮಾಡ್ಸೋ ನೋಟಿಸ್ ಇವತ್ತೇ ಟೈಪ್ ಮಾಡ್ಸಿ. ಎಂಬತ್ತೊಂದು ಮನೆ. ಎಲ್ಲರ ಹೆಸರೂ ಸಿಕ್ಕಿದೆ, ಹಿಂದ್ಗಡೆ ಇರೋರ್ದೂ ಸೇರಿ."